“ಮೂಲಗಳಿಲ್ಲ” ಅಂತ ಬರೆಸಿದ್ದೆ, ಒಂದು ಪದ ಬಿಟ್ಟಿದ್ದೆ

ಹೋದ ಶ್ರಾವಣದ ಒಂದು ಭಾನುವಾರ. ತಿಂಡಿ ಮುಗಿಸಿ ಪಾತ್ರೆ ತೊಳೆಯುತ್ತಿದ್ದೆ. ಗೇಟಿನ ಹತ್ತಿರ “ಮಿಸ್, ಅದೀರೇನ್ರೀ?” ಅಂತ ದನಿ ಕೇಳಿತು. ಹೋಗಿ ನೋಡಿದರೆ ನಮ್ಮ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಈಗ ಮೊದಲ ಪಿಯುಸಿ ಸೈನ್ಸ್ ಸೇರಿರುವ ಹುಡುಗಿ. ಒಂದು ಕೈಯಲ್ಲಿ ನೋಟ್‌ಬುಕ್, ಇನ್ನೊಂದರಲ್ಲಿ ಒಂದು ಚೀಲ ಮಂಡಕ್ಕಿ. ಅವಳ ಅಪ್ಪ ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ಕೆಲಸ ಮಾಡುತ್ತಾರೆ. ಕಾದ ಮರಳಿನ ಮುಂದೆ ನಿಂತು ಅಕ್ಕಿ ಹುರಿಯುವ ಕೆಲಸ. ಮಂಡಕ್ಕಿ ಇನ್ನೂ ಬೆಚ್ಚಗಿತ್ತು.

ಕೂರುವ ಮೊದಲೇ ಕೇಳಿದಳು. “ಮಿಸ್, ಶೋಧಕ ಸೊನ್ನೆಗಿಂತ ಕಡಿಮೆ ಬಂದ್ರೆ ಮೂಲಗಳಿಲ್ಲ ಅಂತ ನೀವು ಬರೆಸಿದ್ರಲ್ರೀ. ಕಾಲೇಜಲ್ಲಿ ಎರಡು ಅದಾವೆ ಅಂತಾರೆ. ಯಾವ್ದು ಖರೆ?”

ನೋಟ್‌ಬುಕ್ ತೆರೆದಳು. ಅದು ಹತ್ತನೇ ಕ್ಲಾಸಿನದೇ. ಬೋರ್ಡಿನ ಮೇಲೆ ನಾನು ಬರೆದದ್ದನ್ನು ಅಕ್ಷರ ಬಿಡದೆ ಇಳಿಸಿಕೊಂಡಿದ್ದಳು. ಎ ಎಕ್ಸ್ ಸ್ಕ್ವೇರ್ ಪ್ಲಸ್ ಬಿ ಎಕ್ಸ್ ಪ್ಲಸ್ ಸಿ ಸೊನ್ನೆಗೆ ಸಮ ಅನ್ನುವ ವರ್ಗ ಸಮೀಕರಣಕ್ಕೆ ಹೊಂದುವ ಎಕ್ಸ್ ಬೆಲೆಗಳೇ ಮೂಲಗಳು. ಬಿ ಸ್ಕ್ವೇರ್ ಮೈನಸ್ ಫೋರ್ ಎಸಿ ಅನ್ನುವುದು ಶೋಧಕ. ಅದು ಸೊನ್ನೆಗಿಂತ ಜಾಸ್ತಿಯಾದರೆ ಎರಡು ಬೇರೆ ಬೇರೆ ಮೂಲಗಳು. ಸೊನ್ನೆಯಾದರೆ ಎರಡೂ ಒಂದೇ. ಸೊನ್ನೆಗಿಂತ ಕಡಿಮೆಯಾದರೆ “ಮೂಲಗಳಿಲ್ಲ”.

ಪಠ್ಯಪುಸ್ತಕದಲ್ಲಿ ಹಾಗಿಲ್ಲ. ಅಲ್ಲಿ “ವಾಸ್ತವ ಮೂಲಗಳಿಲ್ಲ” ಅಂತ ಇದೆ, ಅಂದರೆ ಸಂಖ್ಯಾರೇಖೆಯ ಮೇಲೆ ಸಿಗುವ ಮೂಲಗಳಿಲ್ಲ ಅಂತ. ಪೀರಿಯಡ್ ಮುಗಿಯುವ ಅವಸರದಲ್ಲಿ “ವಾಸ್ತವ” ಅನ್ನುವ ಪದ ನನ್ನ ಕೈಯಿಂದ ಬಿಟ್ಟುಹೋಗಿತ್ತು. ಅದು ಆ ವರ್ಷ ಮಾತ್ರ ಆಗಿದ್ದಲ್ಲ. 17 ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಎಷ್ಟು ನೋಟ್‌ಬುಕ್‌ಗಳಲ್ಲಿ ಈ ಒಂದು ಪದ ಇಲ್ಲವೋ ಅಂತ ನೆನೆದರೆ ಮನಸ್ಸಿಗೆ ಕಷ್ಟವಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಬೀಳುವ ಮಕ್ಕಳಿಗೆ ಅದೇ ಒಂದು ದೊಡ್ಡ ಭಾರ. ಅದರ ಜೊತೆಗೆ, ಹಿಂದೆ ಕಲಿತದ್ದೇ ಸುಳ್ಳೇನೋ ಅನ್ನಿಸಿದರೆ?

ಅವತ್ತು ಅಡುಗೆ ತಡವಾಯಿತು. ನಡುಮನೆಯಲ್ಲಿ ಗ್ರಾಫ್ ಶೀಟ್ ಹರಡಿಕೊಂಡು ಕೂತೆವು. ಆ ದಿನ ನಾವು ಮಾಡಿದ್ದನ್ನೇ ಇಲ್ಲಿ ಬರೆಯುತ್ತೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕನ್ನಡ ಅಕ್ಷರದಲ್ಲೇ ಬರೆಯಬೇಕು ಅಂತ ನನ್ನ ಆಸೆ, ಹಾಗಾಗಿ ಎಕ್ಸ್ ಬದಲು “ಯಾ” ಅಂತ ಬರೆಯುತ್ತೇನೆ. ಇದು ನಾನು ಮಾಡಿಕೊಂಡದ್ದಲ್ಲ. ಭಾಸ್ಕರಾಚಾರ್ಯರು ಬೀಜಗಣಿತದಲ್ಲಿ ಗೊತ್ತಿಲ್ಲದ ಬೆಲೆಗೆ “ಯಾವತ್ತಾವತ್” ಅನ್ನುತ್ತಾರೆ, ಅದನ್ನೇ ಚಿಕ್ಕದಾಗಿ “ಯಾ”. ಎಷ್ಟಿದೆಯೋ ಅಷ್ಟು ಅಂತ ಅರ್ಥ. ಚೆನ್ನಾಗಿದೆ ಅಲ್ವಾ?

ಮೊದಲು ಅವಳ ಮನಸ್ಸಿನ ಅಳುಕು ತೆಗೆಯಬೇಕಿತ್ತು. ಒಂದು ಲೆಕ್ಕ ಕೊಟ್ಟೆ. ಶಾಲೆಯ ಕೈತೋಟಕ್ಕೆ ನಮ್ಮ ಹತ್ತಿರ 20 ಮೀಟರ್ ತಂತಿ ಇದೆ. ಅಷ್ಟರಲ್ಲೇ 40 ಚದರ ಮೀಟರ್ ಜಾಗಕ್ಕೆ ಆಯತಾಕಾರದ ಬೇಲಿ ಹಾಕಬೇಕು. ಉದ್ದ, ಅಗಲ ಎಷ್ಟು?

ಉದ್ದ ಮತ್ತು ಅಗಲ ಕೂಡಿದರೆ 10. ಉದ್ದ ಯಾ ಅಂದುಕೊಂಡರೆ ಅಗಲ 10 − ಯಾ. ಎರಡನ್ನೂ ಗುಣಿಸಿದರೆ 40 ಬರಬೇಕು. ಅವಳು ಚಕಚಕ ಅಂತ ಬರೆದಳು:

ಯಾ² − 10ಯಾ + 40 = 0

ಶೋಧಕ 100 − 160, ಅಂದರೆ −60. ತಲೆ ಎತ್ತಿ “ಆಗಲ್ಲ ಮಿಸ್” ಅಂದಳು. ಖರೆ, ಆಗಲ್ಲ. 20 ಮೀಟರ್ ತಂತಿಯಲ್ಲಿ ಆಯತ ಮಾಡಿದರೆ ಜಾಸ್ತಿ ಅಂದರೆ 5 ಮೀಟರಿನ ಚೌಕ, 25 ಚದರ ಮೀಟರ್. 40 ಎಲ್ಲಿಂದ ತರೋದು? ಇಲ್ಲಿ “ಇಲ್ಲ” ಅನ್ನುವ ಉತ್ತರವೇ ಸರಿ. ತಂತಿ ಸಾಲಲ್ಲ ಅಂತ ಸಮೀಕರಣವೇ ಹೇಳಿಬಿಟ್ಟಿತು. ಅಳತೆ, ವಯಸ್ಸು, ಮಕ್ಕಳ ಸಂಖ್ಯೆ ಕೇಳುವ ಲೆಕ್ಕಗಳಲ್ಲಿ ಹತ್ತನೇ ಕ್ಲಾಸಿನ ಮಾತು ಸುಳ್ಳಲ್ಲ. “ನೀನು ಕಲಿತಿದ್ದು ತಪ್ಪಲ್ಲ ಕಣವ್ವಾ, ನಾನು ಹೇಳಿದ್ದು ಅರ್ಧ ಆಯ್ತು ಅಷ್ಟೆ” ಅಂದೆ.

ಆಮೇಲೆ ಹೇಳಿದೆ, ಇದೇ ಲೆಕ್ಕವನ್ನು ಇಟಲಿಯಲ್ಲಿ ಕಾರ್ಡಾನೊ ಅನ್ನುವ ವೈದ್ಯ 1545ರಲ್ಲಿ ತನ್ನ ಆರ್ಸ್ ಮ್ಯಾಗ್ನಾ ಪುಸ್ತಕದಲ್ಲಿ ಹಾಕಿದ್ದಾನೆ ಅಂತ. 10ನ್ನು ಎರಡು ಭಾಗ ಮಾಡು, ಗುಣಿಸಿದರೆ 40 ಬರಲಿ. ಆಗಲ್ಲ ಅಂತ ಅವನಿಗೂ ಗೊತ್ತಿತ್ತು. ಆದರೂ ಸೂತ್ರ ಹಾಕಿ 5 + √−15 ಮತ್ತು 5 − √−15 ಅಂತ ಬರೆದ. ಕೂಡಿದರೆ 10. ಗುಣಿಸಿದರೆ 25 + 15, ಅಂದರೆ 40. ಲೆಕ್ಕ ಕೂಡಿತು! ಸೂಕ್ಷ್ಮವಾಗಿದೆ, ಆದರೆ ಉಪಯೋಗವಿಲ್ಲ ಅಂತ ಅವನು ಅಲ್ಲಿಗೇ ಬಿಟ್ಟ.

ನಮ್ಮ ಕಡೆಯೂ ಈ ಬಾಗಿಲವರೆಗೆ ಬಂದವರು ಇದ್ದಾರೆ. ಮಹಾವೀರಾಚಾರ್ಯರು ಅಮೋಘವರ್ಷ ನೃಪತುಂಗನ ಕಾಲದವರು. ಸುಮಾರು 850ರಲ್ಲಿ ಗಣಿತಸಾರಸಂಗ್ರಹ ಬರೆದರು. ನೃಪತುಂಗನ ರಾಜಧಾನಿ ಮಾನ್ಯಖೇಟ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಋಣಸಂಖ್ಯೆ ತನ್ನ ಸ್ವಭಾವದಿಂದಲೇ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲ ಇಲ್ಲ ಅಂತ ಅವರು ಸ್ಪಷ್ಟವಾಗಿ ಹೇಳಿದ್ದಾರೆ. ನನಗೆ ಈ ಮಾತಿನ ಮೇಲೆ ತುಂಬಾ ಗೌರವ. ಸುಮ್ನೆ ದಾಟಿಹೋಗಲಿಲ್ಲ ಅವರು. ಪ್ರಶ್ನೆ ಕೇಳಿಕೊಂಡರು, ಯಾಕೆ ಇಲ್ಲ ಅಂತ ಕಾರಣ ಕೊಟ್ಟರು. 3 × 3 ಒಂಬತ್ತು, −3 × −3 ಕೂಡ ಒಂಬತ್ತು. −9 ಬರುವುದಾದರೂ ಹೇಗೆ?

ಹುಡುಗಿಯ ಪ್ರಶ್ನೆಯೂ ಅದೇ. “ಹಂಗಾದ್ರೆ √−1ಕ್ಕೆ ಐ ಅಂತ ಒಂದು ಅಕ್ಷರ ಇಟ್ಟುಬಿಟ್ರೆ ಬಂದಂಗೇನ್ರೀ?”

ಇದಕ್ಕೆ ಬೋರ್ಡಿನ ಉತ್ತರ ಸಾಲದು ಅನ್ನಿಸಿತು. ಎದ್ದು ನಿಲ್ಲಿಸಿದೆ. “ಗಡಿಯಾರ ಕಂಬದ ಹತ್ತಿರ ನಿಂತಿದೀಯ ಅಂದ್ಕೋ. ಪೂರ್ವಕ್ಕೆ ಮುಖ. ಮುಂದೆ ಮೂರು ಹೆಜ್ಜೆ ಹಾಕಿದರೆ +3. ಈಗ ಅದನ್ನ −1ರಿಂದ ಗುಣಿಸು. ಎಲ್ಲಿಗೆ ಹೋಗ್ತೀಯ?” ಪಶ್ಚಿಮಕ್ಕೆ ಮೂರು ಹೆಜ್ಜೆ. ಅಂದರೆ −1ರಿಂದ ಗುಣಿಸುವುದು ಪೂರ್ತಿ ಹಿಂದಕ್ಕೆ ತಿರುಗಿದ ಹಾಗೆ. “ಎರಡು ಸಲ ಒಂದೇ ಥರ ತಿರುಗಿ ಪೂರ್ತಿ ಹಿಂದಕ್ಕೆ ಬರಬೇಕು. ಒಂದು ಸಲಕ್ಕೆ ಎಷ್ಟು ತಿರುಗಬೇಕು?”

ಅವಳು ಮಾತಾಡಲಿಲ್ಲ. ಎಡಕ್ಕೆ ಒಂದು ಸಲ ತಿರುಗಿದಳು, ಅಡುಗೆಮನೆ ಕಡೆ ಮುಖ. ಇನ್ನೊಂದು ಸಲ ತಿರುಗಿದಳು, ಗೋಡೆ ಕಡೆ ಮುಖ. ಕಣ್ಣು ಅಗಲವಾಯಿತು. ಅದೇ ಐ. ಕಾಲು ಸುತ್ತು. ಐ ಗುಣಿಸು ಐ ಅಂದರೆ ಎರಡು ಕಾಲು ಸುತ್ತು, ಅರ್ಧ ಸುತ್ತು, −1. ಪೂರ್ವ-ಪಶ್ಚಿಮದ ಒಂದೇ ಗೆರೆಯ ಮೇಲೆ ಹುಡುಕಿದರೆ ಆ ಜಾಗ ಸಿಗಲ್ಲ. ಮಹಾವೀರಾಚಾರ್ಯರು ಆ ಗೆರೆಯ ಬಗ್ಗೆ ಹೇಳಿದ್ದು ಇವತ್ತಿಗೂ ನಿಜ. ಬೇಕಾದದ್ದು ಗೆರೆಯಿಂದ ಆಚೆ, ಉತ್ತರಕ್ಕೆ ಇತ್ತು. ಇದನ್ನು ಹೀಗೆ ಚಿತ್ರದಲ್ಲಿ ಮೊದಲು ತೋರಿಸಿದವನು ಕಾಸ್ಪರ್ ವೆಸ್ಸೆಲ್, 1797ರಲ್ಲಿ. ಅವನು ಜಮೀನು ಸರ್ವೆ ಮಾಡುವವ. ದಿಕ್ಕು, ದೂರ ಎರಡನ್ನೂ ದಿನಾ ಬರೆದುಕೊಳ್ಳುತ್ತಿದ್ದವನ ಕಣ್ಣಿಗೇ ಇದು ಬಿದ್ದಿದ್ದರಲ್ಲಿ ಆಶ್ಚರ್ಯ ಇಲ್ಲ.

ಐ ಸೇರಿದ ಇಂಥ ಸಂಖ್ಯೆಗಳಿಗೆ ಹೇಳುವ ಕಾಂಪ್ಲೆಕ್ಸ್ ಅನ್ನುವ ಪದಕ್ಕೂ ಅವಳು ಹೆದರಿದ್ದಳು. ಕಷ್ಟವಾದದ್ದು ಅಂತ ಅರ್ಥ ಮಾಡಿಕೊಂಡಿದ್ದಳು. ಶಾಪಿಂಗ್ ಕಾಂಪ್ಲೆಕ್ಸ್ ಅಂತೀವಲ್ಲ, ಕೆಳಗೆ ಬಟ್ಟೆ ಅಂಗಡಿ, ಮೇಲೆ ಟ್ಯೂಷನ್ ಸೆಂಟರ್, ಎಲ್ಲ ಸೇರಿ ಒಂದು ಕಟ್ಟಡ. ಇಲ್ಲೂ ಹಾಗೇ. 2 + 3ಐ ಅಂದರೆ ಪೂರ್ವಕ್ಕೆ 2, ಉತ್ತರಕ್ಕೆ 3, ಎರಡೂ ಸೇರಿ ಒಂದೇ ಸಂಖ್ಯೆ. ಕನ್ನಡದಲ್ಲಿ ಸಂಕೀರ್ಣ ಸಂಖ್ಯೆ ಅನ್ನುತ್ತಾರೆ, ಮಿಶ್ರ ಸಂಖ್ಯೆ ಅಂತಲೂ ಅನ್ನುತ್ತಾರೆ. ನನಗೆ ಮಿಶ್ರವೇ ಇಷ್ಟ, ಹೆದರಿಸುವುದಿಲ್ಲ. ಐ ಇರುವ ಭಾಗಕ್ಕೆ ಹೇಳುವ “ಇಮ್ಯಾಜಿನರಿ”, ಅಂದರೆ ಕಾಲ್ಪನಿಕ, ಅನ್ನುವ ಪದ ಮಾತ್ರ ನನಗೆ ಸರಿಬರುವುದಿಲ್ಲ. 1637ರಲ್ಲಿ ಡೆಕಾರ್ಟ್ ಇಟ್ಟ ಹೆಸರು ಅದು. ಉತ್ತರ ದಿಕ್ಕು ಕಲ್ಪನೆಯೇನು?

ಈಗ ಒಂದು ಸಮೀಕರಣ ಬಿಡಿಸೋಣ.

ಯಾ² − 4ಯಾ + 13 = 0

ಶೋಧಕ 16 − 52, ಅಂದರೆ −36. ಸೂತ್ರ ಹಾಕಬಹುದು. ಆದರೆ ನಾನು ವರ್ಗ ಪೂರ್ಣಗೊಳಿಸಿಯೇ ಮಾಡಿಸುತ್ತೇನೆ, ಯಾಕೆಂದರೆ ಏನಾಗುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ. 13ನ್ನು 4 ಮತ್ತು 9 ಅಂತ ಒಡೆದರೆ ಯಾ² − 4ಯಾ + 4 ಒಂದು ಪೂರ್ಣ ವರ್ಗ. ಅಲ್ಲಿಗೆ

(ಯಾ − 2)² = −9

ಯಾ − 2 = ±3ಐ

ಯಾ = 2 ± 3ಐ

ತಾಳೆ ನೋಡದೆ ನಂಬಬೇಡ ಅಂದೆ. 2 + 3ಐ ವರ್ಗ ಮಾಡಿದರೆ 4 + 12ಐ − 9, ಅಂದರೆ −5 + 12ಐ. ಅದರಿಂದ ಯಾದ ನಾಲ್ಕರಷ್ಟು, ಅಂದರೆ 8 + 12ಐ, ಕಳೆದರೆ −5 + 12ಐ − 8 − 12ಐ, ಅಂದರೆ −13. ಅದಕ್ಕೆ 13 ಕೂಡಿದರೆ ಸೊನ್ನೆ. 12ಐ ಮತ್ತು −12ಐ ಒಂದನ್ನೊಂದು ತಿಂದು ಹಾಕುವುದನ್ನು ನೋಡಿ ಅವಳಿಗೆ ಖುಷಿಯೋ ಖುಷಿ. ± ಇರುವುದರಿಂದಲೇ ಇವು ಯಾವಾಗಲೂ ಜೋಡಿಯಾಗಿ ಬರುತ್ತವೆ, ಒಂದು ಉತ್ತರಕ್ಕೆ 3, ಇನ್ನೊಂದು ದಕ್ಷಿಣಕ್ಕೆ 3. ಸಮೀಕರಣದ ಅಂಕಿಗಳು ವಾಸ್ತವವಾಗಿರಬೇಕು, ಅಷ್ಟೆ.

ಇನ್ನು ಗ್ರಾಫ್ ಶೀಟ್. ಒಂದು ಸೆಂಟಿಮೀಟರಿಗೆ ಒಂದರಂತೆ ಅಳತೆ ಇಟ್ಟುಕೊಂಡೆವು. ಯಾ −1 ಆದಾಗ ಬೆಲೆ 18. 0 ಆದಾಗ 13. 1ಕ್ಕೆ 10, 2ಕ್ಕೆ 9. ಆಮೇಲೆ ಮತ್ತೆ ಏರಿಕೆ: 3ಕ್ಕೆ 10, 4ಕ್ಕೆ 13, 5ಕ್ಕೆ 18. ಚುಕ್ಕೆ ಸೇರಿಸಿದರೆ ತೊಟ್ಟಿಲ ಹಾಗೆ ಒಂದು ಪರವಲಯ. ಅದರ ತಳ 9ರ ಎತ್ತರದಲ್ಲಿ ತೂಗುತ್ತಿದೆ. ಕೆಳಗಿನ ಅಕ್ಷವನ್ನು ಎಲ್ಲೂ ಮುಟ್ಟುವುದಿಲ್ಲ. ಇಲ್ಲಿಗೆ ನಿಲ್ಲಿಸಿ “ಮುಟ್ಟಲಿಲ್ಲ, ಹಾಗಾಗಿ ಮೂಲ ಇಲ್ಲ” ಅಂತ ನಾನು ಎಷ್ಟೋ ವರ್ಷ ಪಾಠ ಮುಗಿಸಿದ್ದೇನೆ.

ಅವತ್ತು ಮುಂದುವರಿದೆವು. 9ರ ಎತ್ತರದಲ್ಲಿ ಅಡ್ಡ ಗೆರೆ ಎಳೆದು, ಆ ಗೆರೆಯ ಮೇಲೆಯೇ ಹಾಳೆಯನ್ನು ಕೆಳಕ್ಕೆ ಮಡಚಿದೆವು. ಮೇಲಿದ್ದ ತೊಟ್ಟಿಲು ಬೋರಲಾಗಿ ಕೆಳಗೆ ಬಂತು. ಆಮೇಲೆ ಕೈವಾರದ ಮೊನೆಯಿಂದ 18ರ ಎತ್ತರದ ಎರಡು ಚುಕ್ಕೆಗಳನ್ನು ಚುಚ್ಚಿದೆವು. ಹಾಳೆ ಬಿಡಿಸಿ ಕಿಟಕಿಗೆ ಹಿಡಿದಾಗ ಕೆಳಗಿನ ಅಕ್ಷದ ಮೇಲೆ ಬೆಳಕಿನ ಎರಡು ತೂತು. ಒಂದು −1ರಲ್ಲಿ, ಇನ್ನೊಂದು 5ರಲ್ಲಿ. ಸರಿಯಾಗಿ ನಡುವೆ ಏನಿದೆ? 2. ನಡುವಿನಿಂದ ಆ ಕಡೆ ಈ ಕಡೆ ಎಷ್ಟು ದೂರ? 3.

2, 3. ಅವೇ ಅಂಕಿಗಳು. 2 ± 3ಐ.

ಅವಳು ಹಾಳೆಯನ್ನು ಕಿಟಕಿಯಿಂದ ಇಳಿಸಲೇ ಇಲ್ಲ. ಒಂದು ಕಣ್ಣು ಮುಚ್ಚಿ ಆ ತೂತುಗಳಲ್ಲಿ ನೋಡುತ್ತಾ ನಿಂತಿದ್ದಳು.

ಉಳಿದದ್ದು ಕಾಲು ಸುತ್ತು ಮಾತ್ರ. ಇದಕ್ಕೆ ಬೇರೆ ಹಾಳೆ ತೆಗೆದುಕೊಳ್ಳಿ. ಅದೇ ಹಾಳೆಯಲ್ಲಿ ಮಾಡಿದರೆ ಮಕ್ಕಳಿಗೆ ಗೊಂದಲ ಆಗುತ್ತದೆ. ಮೊದಲ ಹಾಳೆಯಲ್ಲಿ ಎತ್ತರ ಅಂದರೆ ಸಮೀಕರಣದ ಬೆಲೆ, ಎರಡನೆಯದರಲ್ಲಿ ಎತ್ತರ ಅಂದರೆ ಐ ದಿಕ್ಕು. ಹೊಸ ಹಾಳೆಯಲ್ಲಿ −1 ಮತ್ತು 5 ಗುರುತು ಮಾಡಿ, ಕೈವಾರದ ಮೊನೆ 2ರಲ್ಲಿ ಊರಿ, 3 ಸೆಂಟಿಮೀಟರ್ ಅಗಲಿಸಿ, ಎರಡೂ ಚುಕ್ಕೆಗಳನ್ನು ಕಾಲು ಸುತ್ತು ತಿರುಗಿಸಿ. 5ರಲ್ಲಿದ್ದದ್ದು ಮೇಲಕ್ಕೆ ಹೋಗಿ 2 + 3ಐ ಆಗುತ್ತದೆ. −1ರಲ್ಲಿದ್ದದ್ದು ಕೆಳಕ್ಕೆ ಬಂದು 2 − 3ಐ ಆಗುತ್ತದೆ. ಶೋಧಕ ಸೊನ್ನೆಗಿಂತ ಕಡಿಮೆ ಇರುವ ಯಾವ ಸಮೀಕರಣ ತೆಗೆದುಕೊಂಡರೂ ಹೀಗೇ. ತಳದಲ್ಲಿ ಮಡಚು, ಚುಚ್ಚು, ತಿರುಗಿಸು.

ಅಷ್ಟು ಹೊತ್ತಿಗೆ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟು ತಂದಿಟ್ಟೆ. ತಿನ್ನುತ್ತಾ ಕೇಳಿದಳು. “ಇದ್ರಿಂದ ಏನಾಗ್ತೈತ್ರೀ ಮಿಸ್?” ಅಂತ.

ಒಳ್ಳೆಯ ಪ್ರಶ್ನೆ. ಕಾರ್ಡಾನೊಗೇ ಉತ್ತರ ಸಿಕ್ಕಿರಲಿಲ್ಲ. ಬೊಂಬೆಲಿ ಅನ್ನುವ ಎಂಜಿನಿಯರ್ 1572ರಲ್ಲಿ ಒಂದು ಘನ ಸಮೀಕರಣ ಬಿಡಿಸಿ ತೋರಿಸಿದ. ಯಾ³ = 15ಯಾ + 4. ಉತ್ತರ 4, ಸಾದಾ ಅಂಕಿ. 64 = 60 + 4, ಬಾಯಲ್ಲೇ ಹೇಳಬಹುದು. ಆದರೆ ಸೂತ್ರದ ದಾರಿಯಲ್ಲಿ ಹೋದರೆ ನಡುವೆ √−121 ಬರುತ್ತದೆ. ಹೆದರದೆ ಅದನ್ನು ದಾಟಿದವರಿಗೆ (2 + ಐ) + (2 − ಐ) ಸಿಗುತ್ತದೆ, ಅಂದರೆ 4. ನಿಜವಾದ ಊರಿಗೆ ಹೋಗುವ ದಾರಿಯೇ ಈ ಸಂಖ್ಯೆಗಳ ನಡುವೆ ಹಾದುಹೋಗುತ್ತದೆ ಅಂತ ಆಗ ಗೊತ್ತಾಯಿತು. ಐ ಅನ್ನುವ ಗುರುತು ಇನ್ನೂ ಬಂದಿರಲಿಲ್ಲ, ಅದನ್ನು ಬಳಸಿದವನು ಆಯ್ಲರ್ ಅನ್ನುವ ಗಣಿತಜ್ಞ, 1777ರಲ್ಲಿ.

ಆದರೆ ಅವಳಿಗೆ ಬೇಕಿದ್ದದ್ದು ಕೈಗೆ ಸಿಗುವ ಉದಾಹರಣೆ. ಅಂಗಳದಲ್ಲಿ ನನ್ನ ಸ್ಕೂಟರ್ ನಿಂತಿತ್ತು. ಹಿಂದಿನ ತಿಂಗಳು ಅದರ ಹಿಂದಿನ ಶಾಕ್ ಅಬ್ಸಾರ್ಬರ್ ಆಯಿಲ್ ಲೀಕ್ ಆಗಿತ್ತು. ಶಾಲೆ ಊರಾಚೆ ಇದೆ, ದಾರಿಯಲ್ಲಿ ಹಂಪ್ ಜಾಸ್ತಿ. ಒಂದು ಹಂಪ್ ಹಾರಿದರೆ ಗಾಡಿ ನಾಲ್ಕೈದು ಸಲ ಕುಣಿಯುತ್ತಿತ್ತು. ಮೆಕ್ಯಾನಿಕ್ ಏನೂ ಬಿಚ್ಚಲಿಲ್ಲ. ಸೀಟಿನ ಮೇಲೆ ಎರಡೂ ಕೈ ಊರಿ ಒತ್ತಿ, ಪಟ್ಟಂತ ಬಿಟ್ಟು, “ನೋಡ್ರಿ ಅಕ್ಕಾರೆ, ಹಿಂಗ್ ಕುಣೀಬಾರ್ದು. ಒಂದ್ಸಲ ಎದ್ದು ಕೂತ್ಕೋಬೇಕು” ಅಂದ.

ಅವನು ಕೈಯಿಂದ ನೋಡಿದ್ದು ಒಂದು ವರ್ಗ ಸಮೀಕರಣದ ಮೂಲಗಳ ಸ್ವಭಾವ. ಗಾಡಿಯ ಈ ಕುಣಿತಕ್ಕೆ ಎಂಜಿನಿಯರುಗಳು ಬರೆಯುವ ಲೆಕ್ಕದಲ್ಲಿ ಹೀಗೊಂದು ಸಮೀಕರಣ ಬರುತ್ತದೆ: ತೂಕ ಯಾ²ದ ಜೊತೆ, ಆಯಿಲಿನ ತಡೆ ಯಾದ ಜೊತೆ, ಸ್ಪ್ರಿಂಗಿನ ಬಿಗುವು ಒಂಟಿಯಾಗಿ. ಲೆಕ್ಕಕ್ಕೆ ಸುಲಭವಾಗಲಿ ಅಂತ ನಾನೇ ಅಂಕಿ ಹಾಕುತ್ತೇನೆ.

ಯಾ² + 4ಯಾ + 13 = 0

ಮೂಲಗಳು −2 ± 3ಐ. ಇದರಲ್ಲಿ 3 ಅನ್ನುವುದು ಗಾಡಿ ಕುಣಿಯುವ ವೇಗ. −2 ಅನ್ನುವುದು ಕುಣಿತ ಸಾಯುವ ವೇಗ. −2 ಇದ್ದರೆ ಒಂದು ಸೆಕೆಂಡಿನಲ್ಲಿ ಕುಣಿತದ ಎತ್ತರ ಸುಮಾರು ಏಳರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಈಗ ಆಯಿಲ್ ಲೀಕ್ ಆಯಿತು, 4 ಇದ್ದದ್ದು 1 ಆಯಿತು ಅನ್ನಿ. ಆಗ ಮೂಲಗಳ ವಾಸ್ತವ ಭಾಗ ಬರೀ −½. ಒಂದು ಸೆಕೆಂಡಾದರೂ ಎತ್ತರ ನೂರಕ್ಕೆ 60ರಷ್ಟು ಹಾಗೇ ಉಳಿದಿರುತ್ತದೆ. ನನ್ನ ಸೊಂಟಕ್ಕೆ ಗೊತ್ತಿದ್ದ ವಿಷಯ ಇದು.

ಇನ್ನೊಂದು ಕಡೆಗೂ ಹೋಗಬಹುದು. ಆಯಿಲಿನ ತಡೆ 8 ಮಾಡಿ. ಶೋಧಕ 64 − 52, ಅಂದರೆ 12, ಸೊನ್ನೆಗಿಂತ ಜಾಸ್ತಿ. ಎರಡೂ ಮೂಲಗಳು ವಾಸ್ತವ. ಐ ಹೋಯಿತು, ಕುಣಿತವೂ ಹೋಯಿತು. ಬ್ಯಾಂಕಿನ ಗಾಜಿನ ಬಾಗಿಲು ನೋಡಿದ್ದೀರಲ್ಲ, ಬಿಟ್ಟರೆ ಆಚೀಚೆ ಹೊಡೆದುಕೊಳ್ಳದೆ ಮೆಲ್ಲಗೆ ಬಂದು ಮುಚ್ಚಿಕೊಳ್ಳುತ್ತದೆ, ಹಾಗೆ. ಗಾಡಿಗೆ ಅಷ್ಟು ತಡೆ ಬೇಡ, ಸವಾರಿ ಗಡುಸಾಗುತ್ತದೆ. ಅದಕ್ಕೇ ಚೆನ್ನಾಗಿರುವ ಶಾಕ್‌ನಲ್ಲೂ ಸಾಮಾನ್ಯವಾಗಿ ಸಂಕೀರ್ಣ ಮೂಲಗಳೇ ಇರುತ್ತವೆ, ಕುಣಿತ ಬೇಗ ಸಾಯುವ ಹಾಗೆ ಮಾತ್ರ ನೋಡಿಕೊಂಡಿರುತ್ತಾರೆ.

ಅವಳು ಎದ್ದು ಹೋಗಿ ಸ್ಕೂಟರ್ ಸೀಟು ಒತ್ತಿ ಬಿಟ್ಟಳು. ಎದ್ದು ಕೂತಿತು. “ರಿಪೇರಿ ಆಗೇತಿ” ಅಂದಳು.

ಈ ವರ್ಷ ಹತ್ತನೇ ಕ್ಲಾಸಿಗೆ ಶೋಧಕದ ಪಾಠ ಬಂದಾಗ “ವಾಸ್ತವ” ಅನ್ನುವ ಪದವನ್ನು ಕೆಂಪು ಸೀಮೆಸುಣ್ಣದಲ್ಲಿ ಬರೆದೆ. ಮಡಚುವ ಆಟವನ್ನೂ ಮಾಡಿಸಿದೆ. ಪರೀಕ್ಷೆಗೆ ಬರಲ್ಲ ಅಂತ ಮೊದಲೇ ಹೇಳಿದ್ದೆ, ಆದರೂ ಒಬ್ಬರೂ ಬೇಡ ಅನ್ನಲಿಲ್ಲ.

ಆ ಭಾನುವಾರ ರಾತ್ರಿ ಹತ್ತು ಗಂಟೆಗೆ ಅವಳ ಅಪ್ಪನ ಫೋನಿನಿಂದ ಕರೆ ಬಂತು. “ಮಿಸ್, ಮಲಗಿದ್ರೇನ್ರೀ? ಮೂಲ ಇರೋ ಸಮೀಕರಣಾನ ಮಡಚಿದ್ರೆ?” ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ದೀಪ ಹಾಕಿ ಹಾಳೆ ತೆಗೆದೆ. −1 ಮತ್ತು 5 ಮೂಲಗಳಿರುವ ಸಮೀಕರಣ ಯಾ² − 4ಯಾ − 5 = 0. ಅದರ ತಳ ಅಕ್ಷದಿಂದ 9 ಕೆಳಗೆ. ಅಲ್ಲಿ ಮಡಚಿದರೆ ತೊಟ್ಟಿಲು ಇನ್ನೂ ಕೆಳಕ್ಕೆ ಬೋರಲಾಗಿ ಹೋಗುತ್ತದೆ, ಅಕ್ಷವನ್ನು ಮುಟ್ಟುವುದೇ ಇಲ್ಲ. ಮಡಚಿದ ಮೇಲೆ ಸಿಕ್ಕ ಸಮೀಕರಣ ಯಾವುದು ಅಂತ ಬರೆದು ನೋಡಿದೆ. ಮುಂದೆ ಒಂದು ಮೈನಸ್, ಒಳಗೆ ಯಾ² − 4ಯಾ + 13. ಬೆಳಗ್ಗೆ ನಾವು ಶುರು ಮಾಡಿದ್ದೇ ಅದರಿಂದ.

ಫೋನ್ ಇನ್ನೂ ಕಿವಿಯಲ್ಲೇ ಇತ್ತು. ಆ ಕಡೆಯಿಂದ ಅವಳು ಹಾಳೆ ಮಡಚುವ ಸದ್ದು ಕೇಳುತ್ತಿತ್ತು.